‘ಊಟ ಆಯ್ತಾ?’ ಅಂತ ಕೇಳಿದರೆ ಲೆಕ್ಕ ಸಿಗುವುದಿಲ್ಲ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಊಟದ ಸಮೀಕ್ಷೆ ಮಾಡುವವರನ್ನು ನೋಡಿದ್ದೇನೆ. ಬಾಗಿಲಲ್ಲೇ ನಿಂತು ‘ಊಟ ಎಲ್ಲಾ ಚೆನ್ನಾಗಿ ಆಗ್ತಿದೆಯಾ?’ ಅಂತ ಕೇಳುತ್ತಾರೆ. ನಮ್ಮಲ್ಲಿ ಅದು ಕುಶಲ ಕೇಳುವ ಮಾತು ಅಲ್ವಾ? ಹೊಟ್ಟೆ ಖಾಲಿ ಇದ್ದರೂ ‘ಹೂಂ, ಆಯ್ತು’ ಅಂತಲೇ ಉತ್ತರ ಬರುತ್ತದೆ.

ಹೆಂಗಸರ ಊಟದಲ್ಲಿ ಎಷ್ಟು ಬಗೆಯ ಆಹಾರ ಇದೆ ಅಂತ ನೋಡಲು, ಮಹಿಳಾ ಸಂಘದವರೇ ಮಾಡಬಹುದಾದ ಅಳತೆ ಒಂದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಇದನ್ನೇ ಬಳಸುತ್ತದೆ. 15ರಿಂದ 49 ವರ್ಷದ ಹೆಂಗಸರು ನಿನ್ನೆ ಇಡೀ ದಿನ ಏನು ತಿಂದರು ಅಂತ ಬರೆದುಕೊಳ್ಳಬೇಕು.

ಮೊದಲು 10 ಗುಂಪು ಬರೆದಿಡಿ: ಧಾನ್ಯ-ಗೆಡ್ಡೆ, ಬೇಳೆಕಾಳು, ಕಡಲೇಕಾಯಿ-ಎಳ್ಳಿನಂಥವು, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ಹಸಿರು ಸೊಪ್ಪು, ಕ್ಯಾರೆಟ್-ಪರಂಗಿಯಂಥ ಕೇಸರಿ ಬಣ್ಣದವು, ಬೇರೆ ತರಕಾರಿ, ಬೇರೆ ಹಣ್ಣು.

ಕಷ್ಟ ಇರುವುದು ಕೇಳುವುದರಲ್ಲಿ. ಪಟ್ಟಿ ಓದಿ ‘ಬೇಳೆ ತಿಂದ್ರಾ? ಹಾಲು ಕುಡಿದ್ರಾ?’ ಅನ್ನಬೇಡಿ. ಬೇಗ ಮುಗಿಯುತ್ತದೆ, ಆದರೆ ಎಲ್ಲದಕ್ಕೂ ಹೌದು ಅಂತಾರೆ. ಕೂತು ಕೇಳಿ: ‘ಅಕ್ಕಾ, ನಿನ್ನೆ ಎದ್ದ ಮೇಲೆ ಮೊದಲು ಬಾಯಿಗೆ ಏನು ಹಾಕಿಕೊಂಡ್ರಿ?’ ಅಲ್ಲಿಂದ ರಾತ್ರಿ ಮಲಗುವ ತನಕ ಬನ್ನಿ. ಸಾರಿಗೆ ಏನು ಹಾಕಿದ್ದಿರಿ? ಬೇಳೆ ನಿಮ್ಮ ತಟ್ಟೆಗೆ ಬಂತಾ, ಬರೀ ತಿಳಿ ಉಳಿದಿತ್ತಾ? ಕೊನೆಗೆ ಉಣ್ಣುವವಳಿಗೆ ಎಷ್ಟೋ ಸಲ ತಿಳಿಯೇ ಗತಿ. ಅತ್ತೆ, ಗಂಡ, ತೋಟದ ರೈಟರ್ (ಲೆಕ್ಕ ಬರೆಯುವವರು) ಎದುರು ಇದನ್ನು ಕೇಳಲೇಬೇಡಿ. ಎಲ್ಲರನ್ನೂ ಸೋಮವಾರವೇ ಕೇಳಬೇಡಿ, ಭಾನುವಾರದ ಕೋಳಿ ಲೆಕ್ಕ ಕೆಡಿಸುತ್ತದೆ.

ಒಂದು ಗುಂಪಿನಲ್ಲಿ ಕನಿಷ್ಠ 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚದಷ್ಟು ತಿಂದಿದ್ದರೆ ಮಾತ್ರ 1 ಅಂಕ. ಒಗ್ಗರಣೆಯ ಈರುಳ್ಳಿಗೆ, ಕಾಫಿಗೆ ಬಿಟ್ಟ ಚೂರು ಹಾಲಿಗೆ ಅಂಕವಿಲ್ಲ. ಡಬ್ಬಿಯ ಮಾಲ್ಟ್ ಪುಡಿಗೂ ಇಲ್ಲ. ಅದರಲ್ಲಿ ಸಕ್ಕರೆಯೇ ಜಾಸ್ತಿ, ಆ ದುಡ್ಡಿಗೆ ಮೊಟ್ಟೆ ತನ್ನಿ. ಮುದ್ದೆ, ಅನ್ನ, ರೊಟ್ಟಿ ಮೂರೂ ಸೇರಿ ಒಂದೇ ಅಂಕ.

ನೂರು ಹೆಂಗಸರಲ್ಲಿ ಎಷ್ಟು ಜನರಿಗೆ ಹತ್ತಕ್ಕೆ 5 ಅಥವಾ ಜಾಸ್ತಿ ಅಂಕ ಬಂತು ನೋಡಿ. ಇದು ಊರಿನ ಅಳತೆ. ಒಬ್ಬರ ಒಂದು ದಿನದ ಅಂಕ ಹಿಡಿದು ‘ನಿಮಗೆ ಪೌಷ್ಟಿಕತೆ ಇಲ್ಲ’ ಅನ್ನುವುದು ತಪ್ಪು.

ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕೆಜಿ ಧಾನ್ಯ ಸಿಗುತ್ತದೆ. ಹಸಿವು ತಡೆಯಲು ಅದು ಬೇಕೇ ಬೇಕು, ಆದರೆ ಅಂಕ ಒಂದೇ. ಉಳಿದದ್ದಕ್ಕೆ ನನ್ನ ಸಲಹೆ: ಲೈನ್ ಹಿಂದೆ ನುಗ್ಗೆ, ಬಸಳೆ, ಒಂದು ಪರಂಗಿ ಗಿಡ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯ ಮಾತೃಪೂರ್ಣ ಊಟ ತಪ್ಪದೆ ಸಿಗುವಂತೆ ನೋಡಿಕೊಳ್ಳಿ.

ಕಾಫಿ ಕುಯ್ಲಿನಲ್ಲಿ ಕೈಯಲ್ಲಿ ಕೂಲಿ ಇರುತ್ತದೆ. ಮಳೆ ಹಿಡಿದ ಆಷಾಢದಲ್ಲಿ ಇರುವುದಿಲ್ಲ. ಎರಡೂ ಕಾಲದಲ್ಲಿ ಅಳೆಯಿರಿ. ಮುಂದಿನ ವರ್ಷ ಆಷಾಢದ ಅಂಕವನ್ನು ಆಷಾಢದ ಜೊತೆಗೇ ಹೋಲಿಸಿ.