ಅಜ್ಜಿಯಿಂದ ಶುರುಮಾಡಿ: ಮನೆಮಂದಿಯ ಫೋಟೋ ಸಹಜವಾಗಿ ಬರಬೇಕಾದರೆ

ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಮೂರು ತಲೆಮಾರಿನ ಹನ್ನೊಂದು ಜನ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಎಲ್ಲರ ಕೈಗಳೂ ತೊಡೆಗೆ ಅಂಟಿಕೊಂಡಿದ್ದವು, ಮಕ್ಕಳು ಉಸಿರು ಬಿಗಿಹಿಡಿದಿದ್ದರು. ನಾಲ್ಕು ಸಲ ‘ಸ್ವಲ್ಪ ನಗಿ’ ಅಂದೆ. ಬಾಯಿ ಅಗಲವಾಯಿತೇ ಹೊರತು ಯಾರ ಕಣ್ಣೂ ನಗಲಿಲ್ಲ. ಅಷ್ಟರಲ್ಲಿ ಅಜ್ಜಿ, ‘ಬಿಸಿಲು ಇಳಿಯೋವರೆಗೂ ಒಂದಷ್ಟು ಗೂಡಾದ್ರೂ ಬಿಡಿಸೋಣ ಬನ್ರೋ’ ಅಂತ ರೇಷ್ಮೆಹುಳ ಸಾಕುವ ಮನೆಗೆ ಹೊರಟರು. ಹಿಂದೆಯೇ ಎಲ್ಲರೂ ಹೋದರು.

ಹುಳಗಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರಿನ ಸುರುಳಿಯಿಂದ ಅಜ್ಜಿ ಹೆಬ್ಬೆರಳು, ತೋರುಬೆರಳಲ್ಲಿ ಒಂದೊಂದೇ ಹಳದಿ ಗೂಡು ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಮೊಮ್ಮಗಳು ಒಂದನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಕಟಕಟ ಅನ್ನುವುದನ್ನು ಅಪ್ಪನಿಗೂ ಕೇಳಿಸಲು ಕೈಚಾಚಿದಳು. ಅವನು ಬಗ್ಗಿದ. ಅವನ ಹೆಂಡತಿ ಅವನ ಭುಜ ಹಿಡಿದು ಇಣುಕಿದಳು. ಆ ಮನೆಯ ಗೋಡೆ ಮೇಲೆ ಇವತ್ತು ಇರುವುದು ಆ ಫೋಟೋ. ಅಂಗಳದಲ್ಲಿ ತೆಗೆದ ಸಾಲು ಫೋಟೋವನ್ನು ಅವರು ಪ್ರಿಂಟ್‌ಗೆ ಆರಿಸಲೇ ಇಲ್ಲ.

ಕ್ಯಾಮೆರಾ ಕಂಡರೆ ಬಿಗಿಯುವುದು ನಮ್ಮ ಜನರ ತಪ್ಪಲ್ಲ. 1839ರಲ್ಲಿ ಛಾಯಾಗ್ರಹಣ ಜಗತ್ತಿಗೆ ಬಂದಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕಿತ್ತು. ತಲೆ ಅಲುಗದಂತೆ ಕುರ್ಚಿಯ ಹಿಂದೆ ಕಬ್ಬಿಣದ ಆಸರೆ ಇಡುತ್ತಿದ್ದರು. ಆಮೇಲೆ ಫಿಲಂ ರೋಲಿನ ಕಾಲ. ‘120’ ಅನ್ನುವ ಅಳತೆಯ ರೋಲಿನಲ್ಲಿ ಚೌಕದ ಚಿತ್ರವಾದರೆ ಹನ್ನೆರಡೇ. ಒಂದು ಹಾಳಾದರೂ ದುಡ್ಡು ಹೋಯಿತು. ಹಾಗಾಗಿ ಸ್ಟುಡಿಯೋದವರು ‘ಅಲ್ಲಾಡಬೇಡಿ’ ಅಂದರು, ನಮ್ಮ ಹಿರಿಯರು ಅದನ್ನು ಕಲಿತರು, ಮಕ್ಕಳಿಗೂ ಕಲಿಸಿದರು. ಈಗ ಸೆಕೆಂಡಿನ 250ನೇ ಒಂದು ಭಾಗ ಸಾಕು. ಅಲ್ಲಾಡಲಿ ಬಿಡಿ.

ಮೊದಲು ಫೋನಿನಲ್ಲಿ ಮಾತಾಡಿ

ಫೋಟೋ ತೆಗೆಯುವ ಎರಡು ದಿನ ಮುಂಚೆಯೇ ಕೇಳಿಕೊಳ್ಳಿ: ಎಷ್ಟು ಜನ, ಯಾರಿಗೆ ಮಂಡಿನೋವು, ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಯಾರಿಗೆ ಯಾರ ಮೇಲೆ ಸಲಿಗೆ. ಈ ಕೊನೆಯ ಪ್ರಶ್ನೆಯೇ ಮುಖ್ಯ. ಸೊಸೆ ಯಾರ ಪಕ್ಕ ಸಲೀಸಾಗಿ ನಿಲ್ಲುತ್ತಾಳೆ, ಚಿಕ್ಕ ಹುಡುಗ ಯಾರ ಹೆಗಲು ಬಿಟ್ಟು ಇಳಿಯುವುದಿಲ್ಲ ಎನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಬಟ್ಟೆ ಎಲ್ಲರದೂ ಒಂದೇ ಬಣ್ಣ ಬೇಡ, ಹೊಂದಿಕೊಂಡರೆ ಸಾಕು. ದೊಡ್ಡ ಅಕ್ಷರದ ಟೀಶರ್ಟ್ ಬೇಡ.

ಜಾಗ, ಬೆಳಕು

ನಡುಮಧ್ಯಾಹ್ನ ಬೇಡವೇ ಬೇಡ. ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಎಲ್ಲರೂ ಹುಬ್ಬು ಗಂಟಿಕ್ಕುತ್ತಾರೆ. ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ ಇಟ್ಟುಕೊಳ್ಳಿ. ಹುಣಸೆ ಮರದಡಿ ಎಲೆ ಸಂದಿಯಿಂದ ಬಿಸಿಲಿನ ಚುಕ್ಕಿಗಳು ಮುಖದ ಮೇಲೆ ಬೀಳುತ್ತವೆ. ದಟ್ಟ ಹಲಸು, ಮಾವಿನ ನೆರಳೇ ವಾಸಿ. ನೆರಳಿನ ಅಂಚಿನಲ್ಲಿ ಆಕಾಶದ ಕಡೆ ಮುಖ ಮಾಡಿಸಿ ಕೂರಿಸಿದರೆ ಕಣ್ಣಲ್ಲಿ ಹೊಳಪು ತಾನಾಗಿ ಬರುತ್ತದೆ.

ಚಿಕ್ಕಬಳ್ಳಾಪುರದ ಕಡೆಯವರು ಹೆಚ್ಚಾಗಿ ಕೇಳುವುದು ನಂದಿಬೆಟ್ಟ. ವಯಸ್ಸಾದವರಿದ್ದರೆ ನಾನು ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಸ್ಥಾನವನ್ನೇ ಹೇಳುತ್ತೇನೆ. ಅಲ್ಲಿನ ಕಲ್ಲು ಮಂಟಪಗಳಲ್ಲಿ ಬೆಳಕು ಪಕ್ಕದಿಂದ ಮೆತ್ತಗೆ ಬರುತ್ತದೆ. ಆದರೆ ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಟ್ರೈಪಾಡ್ ಹೂಡಿ ವೃತ್ತಿಪರವಾಗಿ ತೆಗೆಯಬೇಕಾದರೆ ಮುಂಚೆಯೇ ಅನುಮತಿ ಪಡೆಯಬೇಕು. ಪೂಜೆಗೆ ಬಂದವರ ದಾರಿಗೂ ಅಡ್ಡ ನಿಲ್ಲಬಾರದು. ನನ್ನನ್ನು ಕೇಳಿದರೆ, ಅವರ ಮನೆಯ ಜಗುಲಿ, ದ್ರಾಕ್ಷಿ ತೋಟ, ಗುಲಾಬಿ ತೋಟ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಅವರಿಗೆ ಸಂಕೋಚ ಇರುವುದಿಲ್ಲ.

ಹಿರಿಯರನ್ನು ಕೂರಿಸಿ, ಉಳಿದವರನ್ನು ಸೇರಿಸುತ್ತಾ ಹೋಗಿ

ಎಲ್ಲರನ್ನೂ ಒಟ್ಟಿಗೆ ಕರೆದು ನಿಲ್ಲಿಸಿದಿರೋ, ಶಾಲೆಯ ಗ್ರೂಪ್ ಫೋಟೋ ಆಗಿಬಿಡುತ್ತದೆ. ಮೊದಲು ಅಜ್ಜಿಗೋ ತಾತನಿಗೋ ಒಂದು ಕುರ್ಚಿ ಹಾಕಿ. ನೇರ ಎದುರಿಗೆ ಬೇಡ, ಕುರ್ಚಿಯನ್ನು ಸ್ವಲ್ಪ ಓರೆ ತಿರುಗಿಸಿ. ಆಮೇಲೆ ಅವರಿಗೆ ತೀರಾ ಹತ್ತಿರದವರನ್ನು ಕರೆದು ‘ಅಮ್ಮನ ಹತ್ತಿರ ಕೂತ್ಕೊಳ್ಳಿ’ ಅನ್ನಿ, ಅಷ್ಟೇ. ಹೇಗೆ ಕೂರಬೇಕು ಅಂತ ಹೇಳಬೇಡಿ. ಮಗ ಕುರ್ಚಿಯ ಕೈಮೇಲೆ ಕೂರುತ್ತಾನೆ, ಮಗಳು ನೆಲದಲ್ಲಿ ಕೂತು ಮಂಡಿಗೆ ಒರಗುತ್ತಾಳೆ. ಆಮೇಲೆ ನೀವು ತಿದ್ದಬೇಕಾದ್ದು ಎರಡೇ.

ಒಂದು, ತಲೆಗಳ ಎತ್ತರ. ಪಕ್ಕಪಕ್ಕದ ಎರಡು ತಲೆ ಒಂದೇ ಮಟ್ಟದಲ್ಲಿ ಇರಬಾರದು. ಮೂವರ ತಲೆ ಸೇರಿ ತ್ರಿಕೋನ ಆಗುತ್ತಿದೆಯೇ ನೋಡಿ. ಒಬ್ಬರನ್ನು ಮೆಟ್ಟಿಲ ಮೇಲೆ ಹತ್ತಿಸಿ, ಇನ್ನೊಬ್ಬರನ್ನು ಕೂರಿಸಿ. ಎರಡು, ನಡುವಿನ ಸಂದು. ನಮ್ಮಲ್ಲಿ ಅತ್ತಿಗೆ, ಮೈದುನ ಅಂತ ಮರ್ಯಾದೆಗೆ ಒಂದು ಅಡಿ ಬಿಟ್ಟು ನಿಲ್ಲುತ್ತಾರೆ. ಅದನ್ನು ಬಲವಂತವಾಗಿ ಮುರಿಯಬೇಡಿ. ಆ ಸಂದಿನಲ್ಲಿ ಒಂದು ಮಗುವನ್ನು ನಿಲ್ಲಿಸಿದರೆ ಕೊಂಡಿ ತಾನಾಗಿ ಬೆಸೆಯುತ್ತದೆ.

ಕೈಗೆ ಕೆಲಸ ಕೊಡಿ

ಮೈಯೆಲ್ಲಾ ಬಿಗಿಯುವುದು ಕೈಯಿಂದ. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಭುಜ ಏರುತ್ತದೆ, ಕತ್ತು ಸೆಟೆಯುತ್ತದೆ. ಹೂ ಕಟ್ಟುವುದು, ಅವರೆಕಾಯಿ ಬಿಡಿಸುವುದು, ಮೊಮ್ಮಗಳಿಗೆ ಜಡೆ ಹಾಕುವುದು, ಹೀಗೆ ಅವರು ದಿನಾ ಮಾಡುವ ಕೆಲಸವೇ ಆಗಲಿ. ಹೊಸದಾಗಿ ನಟಿಸುವಂಥದ್ದು ಬೇಡ. ಕೆಲಸ ಒಲ್ಲದವರಿಗೆ ಒಂದು ಕೈ ಪಕ್ಕದವರ ಭುಜದ ಮೇಲೆ, ಇನ್ನೊಂದರ ಹೆಬ್ಬೆರಳು ಜೇಬಿನಲ್ಲಿ.

ನಗು ಬೇಕೆಂದರೆ ನಗಿ ಅನ್ನಬೇಡಿ, ಪ್ರಶ್ನೆ ಕೇಳಿ. ‘ಈ ಮನೇಲಿ ಜಾಸ್ತಿ ಗೊರಕೆ ಯಾರದ್ದು?’ ಅಂದರೆ ಎಲ್ಲರೂ ಒಬ್ಬರ ಕಡೆಯೇ ತಿರುಗುತ್ತಾರೆ. ತುಟಿಯನ್ನು ಬೇಕೆಂದಾಗ ಅಗಲಿಸಬಹುದು. ನಿಜವಾದ ನಗುವಿಗೆ ಕಣ್ಣಿನ ಸುತ್ತಲಿನ ಸ್ನಾಯುವೂ ಸೇರಬೇಕು ಅಂತ ಫ್ರಾನ್ಸಿನ ವೈದ್ಯ ಡುಷೆನ್ 1862ರಲ್ಲೇ ಬರೆದಿದ್ದಾರೆ.

ಕ್ಯಾಮೆರಾ ಲೆಕ್ಕ

ಒಮ್ಮೆ ನಾನು ಹಿನ್ನೆಲೆ ಮಸುಕಾಗಲಿ ಎಂಬ ಆಸೆಗೆ ಎರಡು ಸಾಲಿನ ಕುಟುಂಬವನ್ನು ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದು ತೆಗೆದೆ. ಮುಂದಿನವರು ಸ್ಪಷ್ಟ, ಹಿಂದೆ ನಿಂತ ದೊಡ್ಡ ಮಗ ಮಸುಕು. ದುಬೈನಿಂದ ಹತ್ತು ದಿನಕ್ಕೆ ಬಂದಿದ್ದವರು, ನಾನು ಅದನ್ನು ಗಮನಿಸುವಷ್ಟರಲ್ಲಿ ವಾಪಸ್ ಹೋಗಿದ್ದರು. ಆ ನೋವು ಈಗಲೂ ಇದೆ. 50 ಎಂಎಂ ಲೆನ್ಸಿನಲ್ಲಿ ಮೂರು ಮೀಟರ್ ದೂರದಿಂದ ಎಫ್ 1.8 ಇಟ್ಟರೆ ಫೋಕಸ್ ಆಗುವ ಆಳ ಒಂದು ಮೊಳವೂ ಬರುವುದಿಲ್ಲ. ಒಂದು ಸಾಲಾದರೆ ಎಫ್ 5.6, ಎರಡು ಮೂರು ಸಾಲಾದರೆ ಎಫ್ 8 ಇಡಿ. ಶಟರ್ ವೇಗ 1/250 ಸೆಕೆಂಡಿಗಿಂತ ಇಳಿಯದಿರಲಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್ಒ ಏರಿದರೆ ಏರಲಿ.

ಮೊಬೈಲಿನವರು ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ. 1ಎಕ್ಸ್‌ನಲ್ಲಿ ಹತ್ತಿರ ಹೋದರೆ ಅಂಚಿನವರ ಮುಖ ಎಳೆದಂತಾಗುತ್ತದೆ. ಗುಂಪಿಗೆ ಪೋರ್ಟ್ರೇಟ್ ಮೋಡ್ ಬೇಡ.

ಕಣ್ಣು ಮಿಟುಕಿಸುವ ಕಾಟಕ್ಕೂ ಒಂದು ಲೆಕ್ಕವಿದೆ. ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಅದನ್ನು ಮಾಡಿ 2006ರಲ್ಲಿ ಇಗ್ ನೊಬೆಲ್ ಪಡೆದರು; ಅದು ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಕಡಿಮೆ ಬೆಳಕಿನಲ್ಲಿ ಎರಡರಿಂದ. ಬಂದಷ್ಟು ಸಲ ಕ್ಲಿಕ್ಕಿಸಿದರೆ ಒಂದರಲ್ಲಾದರೂ ಎಲ್ಲರ ಕಣ್ಣು ತೆರೆದಿರುವುದು ಹೆಚ್ಚುಕಡಿಮೆ ಖಚಿತ. ಹನ್ನೆರಡು ಜನಕ್ಕೆ ನಾಲ್ಕು. ನಾನು ಹತ್ತು ತೆಗೆಯುತ್ತೇನೆ.

ಗುಂಪಿನದು ಮುಗಿದ ಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಬೇಡಿ. ಅಕ್ಕ ತಂಗಿಯರದು, ಮಾವ ಸೊಸೆಯದು, ತಾತ ಅಜ್ಜಿ ಇಬ್ಬರದೇ ಒಂದೊಂದು ತೆಗೆಯಿರಿ. ಮದುವೆಯಾದ ಮೇಲೆ ಇಬ್ಬರೇ ಕೂತ ಫೋಟೋ ಇಲ್ಲದ ಜೋಡಿಗಳು ನಮ್ಮ ಹಳ್ಳಿಗಳಲ್ಲಿ ತುಂಬಾ ಇದ್ದಾರೆ. ಹೆಸರು ಹಿಡಿದು ಕರೆಯದೆ ‘ಇವರೇ’ ಅನ್ನುವ ಅಜ್ಜಿಗೆ ‘ತಾತನ ಶಲ್ಯ ಸ್ವಲ್ಪ ಸರಿಮಾಡಿ’ ಅನ್ನಿ. ಆಕೆ ಕೈ ಎತ್ತುವ ಹೊತ್ತಿಗೆ ನಿಮ್ಮ ಬೆರಳು ಗುಂಡಿಯ ಮೇಲಿರಲಿ.

ಎಲ್ಲದರಲ್ಲೂ ಎಡಬಲಕ್ಕೆ ಧಾರಾಳ ಜಾಗ ಬಿಟ್ಟಿರಿ. ಕ್ಯಾಮೆರಾದ ಚಿತ್ರ 12x18 ಇಂಚಿನ ಪ್ರಿಂಟ್‌ಗೆ ಸರಿಯಾಗಿ ಕೂರುತ್ತದೆ. ಆದರೆ ಮನೆಯವರು ಹಳೆಯ 8x10 ಫ್ರೇಮ್ ತಂದರೆ ಉದ್ದದಲ್ಲಿ ಆರನೇ ಒಂದು ಭಾಗ ಕತ್ತರಿಸಿ ಹೋಗುತ್ತದೆ, ಅಂಚಿನಲ್ಲಿ ನಿಂತ ಅಳಿಯನ ಭುಜವೂ ಅದರ ಜೊತೆಗೇ ಹೋಗುತ್ತದೆ.