ಮರದ ಕ್ಯಾಮೆರಾದ ಲೆನ್ಸ್ ಬಳೆ: ಹುಡುಕುವುದು ಹೇಗೆ, ಮಾಡಿಸುವುದು ಹೇಗೆ?

ಶಿರಸಿ, ಕುಮಟಾ, ಕಾರವಾರದ ಕಡೆ ಹಳೆಯ ಸ್ಟುಡಿಯೊ ಖಾಲಿ ಮಾಡುವಾಗ ಅಟ್ಟದಿಂದ ಮರದ ದೊಡ್ಡ ಕ್ಯಾಮೆರಾ ಇಳಿಯುವುದುಂಟು. ಇಂಗ್ಲೆಂಡಿನಿಂದ ಬಂದದ್ದಿರಬಹುದು, ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿಯೂ ಇರಬಹುದು. ಬೆಲ್ಲೋಸ್ (ಮಡಿಕೆ ಮಡಿಕೆಯಾಗಿ ಹಿಗ್ಗುವ ಚೀಲ) ಇರುತ್ತದೆ, ಹಿಂದಿನ ಗಾಜು ಇರುತ್ತದೆ, ಲೆನ್ಸೂ ಯಾವುದೋ ಡಬ್ಬಿಯಲ್ಲಿ ಸಿಗುತ್ತದೆ. ಲೆನ್ಸನ್ನು ಕ್ಯಾಮೆರಾಕ್ಕೆ ಹಿಡಿದಿಡುವ ಹಿತ್ತಾಳೆ ಬಳೆ ಮಾತ್ರ ನಾಪತ್ತೆ. ಅಂಗಡಿಯಲ್ಲಿ ಕೇಳಿದರೆ ‘ಈ ಕಂಪನಿ ಸಾಮಾನು ಈಗ ಬರಲ್ಲ ಸರ್’ ಅನ್ನುತ್ತಾರೆ. ನಿಜವೇ. ಆದರೆ ಕಂಪನಿ ಹೆಸರು ಹಿಡಿದು ಹುಡುಕುವುದೇ ಬೇಡ. ಬೇಕಾದದ್ದು ಅಳತೆ.

ಈಗಿನ ಡಿಜಿಟಲ್ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಮೌಂಟ್ ಕೂದಲೆಳೆಯಷ್ಟು ಆಚೀಚೆ ಆದರೂ ಫೋಕಸ್ ಕೆಡುತ್ತದೆ. ಇದರಲ್ಲಿ ಹಾಗಲ್ಲ. ಬೆಲ್ಲೋಸ್ ಹಿಂದೆ ಮುಂದೆ ಸರಿಸಿ, ಮಸುಕು ಗಾಜಿನ ಮೇಲೆ ಕಣ್ಣಾರೆ ನೋಡಿಯೇ ಫೋಕಸ್ ಮಾಡುವುದು. ಲೆನ್ಸ್ ಕೂರಿಸುವ ಹಲಗೆ, ಅಂದರೆ ಬೋರ್ಡು, ಎರಡು ಮಿಲಿಮೀಟರ್ ದಪ್ಪ ಆಯಿತು ಅಂತ ಫೋಟೊ ಕೆಡುವುದಿಲ್ಲ. ಬಾಗದೆ ನೇರವಾಗಿದ್ದರೆ ಆಯಿತು. ಅದಕ್ಕೇ ಈ ಕೆಲಸಕ್ಕೆ ಊರಿನ ಬಡಗಿ, ಲೋಹ ಕಡೆಯುವ ಊರಿನ ಲೇತ್ ಸಾಕು.

ಕಳೆದದ್ದು ಯಾವುದು?

ಕ್ಯಾಮೆರಾದ ಮುಂದೆ ಕೂರುವ ಚೌಕ ಹಲಗೆ ಲೆನ್ಸ್ ಬೋರ್ಡ್. ಅದರ ತೂತಿಗೆ ಸ್ಕ್ರೂ ಹೊಡೆದು ಕೂರಿಸುವ ಬಳೆ ಫ್ಲೇಂಜ್. ಹಿತ್ತಾಳೆ ಲೆನ್ಸ್ ಅದರೊಳಗೆ ತಿರುಗಿ ಕೂರುತ್ತದೆ. ಲೆನ್ಸಿಗೆ ಷಟರ್ (ಬೆಳಕನ್ನು ಕ್ಷಣ ಹೊತ್ತು ಒಳಬಿಡುವ ಬಾಗಿಲು) ಇದ್ದರೆ ಫ್ಲೇಂಜ್ ಬದಲು ಹಿಂದಿನಿಂದ ಬಿಗಿಯುವ ರಿಟೇನಿಂಗ್ ರಿಂಗ್ ಬೇಕು. ಕೆಲವೊಮ್ಮೆ ಬೇರೆ ಯಾವುದೋ ಬೋರ್ಡಿನ ಮೇಲೆ ಹಳೆಯ ಫ್ಲೇಂಜ್ ಹಾಗೇ ಉಳಿದಿರುತ್ತದೆ. ಡಬ್ಬಿ, ಚೀಲ ಎಲ್ಲ ಒಮ್ಮೆ ಸುರಿದು ನೋಡಿ.

ಅಳತೆ

ಷಟರ್ ಇರುವ ಲೆನ್ಸಾದರೆ ಸುಲಭ. ಕೋಪಲ್ ಎಂಬ ಕಂಪನಿಯ 0 ನಂಬರಿನ ಷಟರ್‌ಗೆ ಬೋರ್ಡಿನ ತೂತು 34.6 ಮಿ.ಮೀ., ಕೋಪಲ್ 1ಕ್ಕೆ 41.6, ಕೋಪಲ್ 3ಕ್ಕೆ 65. ಇವುಗಳ ರಿಂಗ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ತೀರಾ ಹಳೆಯ ಷಟರ್‌ಗಳ ಅಳತೆ ಬೇರೆಯಿರುವುದುಂಟು. ಅಳೆಯದೆ ದುಡ್ಡು ಕಟ್ಟಬೇಡಿ.

ಹಿತ್ತಾಳೆ ಲೆನ್ಸಿನದೇ ಜಾಸ್ತಿ ತಲೆನೋವು. ವರ್ನಿಯರ್ ಕ್ಯಾಲಿಪರ್‌ನಿಂದ ಲೆನ್ಸಿನ ಥ್ರೆಡ್ಡಿನ (ತಿರುಗಿಸುವ ಸುತ್ತುಗೆರೆಗಳ) ಹೊರ ಅಳತೆ ತೆಗೆದುಕೊಳ್ಳಿ. ಮೂರು ಕಡೆ ಅಳೆಯಿರಿ, ಬಿದ್ದ ಲೆನ್ಸ್ ಅಂಡಾಕಾರ ಆಗಿರಬಹುದು. ಆಮೇಲೆ ಥ್ರೆಡ್ಡಿನ ಮೇಲೆ ತೆಳು ಕಾಗದ ಒತ್ತಿ ಪೆನ್ಸಿಲ್ ಉಜ್ಜಿ. ಗೆರೆಗಳು ಅಚ್ಚೊತ್ತಿದ ಹಾಗೆ ಮೂಡುತ್ತವೆ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ಇಂಚಿಗೆ ಎಷ್ಟು ಗೆರೆ ಅಂತ ಎಣಿಸಿ.

ಇಲ್ಲೇ ಎಲ್ಲರೂ ಎಡವುವುದು. ಹಳೆಯ ಇಂಗ್ಲಿಷ್ ಲೆನ್ಸ್‌ಗಳಲ್ಲಿ ಇಂಚಿಗೆ 24 ಸುತ್ತಿನ ಥ್ರೆಡ್ ಸಾಮಾನ್ಯ. ಅಂದರೆ ಒಂದು ಸುತ್ತಿಗೆ 1.058 ಮಿ.ಮೀ. ನೋಡುವುದಕ್ಕೆ 1 ಮಿ.ಮೀ. ಥ್ರೆಡ್ಡಿನ ಹಾಗೇ ಇರುತ್ತದೆ. 1 ಮಿ.ಮೀ. ಥ್ರೆಡ್ಡಿನ ಬಳೆಗೆ ಈ ಲೆನ್ಸ್ ಹಾಕಿದರೆ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಮನಸ್ಸಿಗೆ ಖುಷಿಯೂ ಆಗುತ್ತದೆ. ಐದನೇ ಸುತ್ತಿಗೆ ಕಾಲು ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಿದ್ದು ಕಚ್ಚಿಕೊಳ್ಳುತ್ತದೆ. ಆಗ ಜೋರು ಮಾಡಿದರೆ ಹಾಳಾಗುವುದು ಲೆನ್ಸಿನ ಥ್ರೆಡ್. ಅನುಮಾನ ಇದ್ದರೆ ಪಿಚ್ ಗೇಜ್ (ಥ್ರೆಡ್ಡಿನ ಹಲ್ಲಿಗೆ ತಾಳೆ ನೋಡುವ ಪಟ್ಟಿ) ಹಿಡಿದು ನೋಡಿ, ಲೇತ್ ಅಂಗಡಿಯಲ್ಲಿ ಇದ್ದೇ ಇರುತ್ತದೆ.

ಹುಡುಕುವುದಾದರೆ

ಮೊದಲು ನಿಮ್ಮ ತಾಲ್ಲೂಕಿನ ಹಳೆಯ ಫೋಟೊಗ್ರಾಫರ್‌ಗಳ ಮನೆ. ಮುಂಬೈಯ ಚೋರ್ ಬಜಾರ್‌ನಲ್ಲಿ ಹಿತ್ತಾಳೆ ಲೆನ್ಸ್ ನೋಡಲು ಸಿಗುತ್ತದೆ. ಆದರೆ ನಿಮ್ಮ ಅಳತೆಯ ಬಳೆ ಸಿಗುವುದು ಅದೃಷ್ಟದ ಮಾತು, ಬಳೆಗಾಗಿಯೇ ಬಸ್ಸು ಹತ್ತಬೇಡಿ. ವಿದೇಶದಿಂದ ತರಿಸಿದರೆ ಬಳೆಯ ಬೆಲೆಯ ಮೇಲೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಬೇರೆ. ನನ್ನ ಕೇಳಿದರೆ ಇಲ್ಲೇ ಮಾಡಿಸುವುದು ಒಳ್ಳೆಯದು.

ಬೋರ್ಡಿಗೆ ಮರ

ಚೆನ್ನಾಗಿ ಒಣಗಿದ ಸಾಗವಾನಿ ಆರಿಸಿ. ಶಿರಸಿ, ಸಿದ್ದಾಪುರ ಕಡೆ ಗಂಧದ ಕೆತ್ತನೆ ಮಾಡುವ ಗುಡಿಗಾರರ ಕೈಗೆ ಕೊಟ್ಟರೆ ಅಂಚಿನ ಮೆಟ್ಟಿಲು ಕೂಡ ಅಚ್ಚುಕಟ್ಟಾಗಿ ಬರುತ್ತದೆ. ಆ ಮೆಟ್ಟಿಲು ಅಲಂಕಾರಕ್ಕಲ್ಲ, ಬೆಳಕು ಸೋರದಿರಲಿ ಅಂತ ಇರುವುದು. ಹಳೆಯ ಬೋರ್ಡು ಇದ್ದರೆ ಅದನ್ನೇ ಮಾದರಿಗೆ ಕೊಡಿ. ಬೇಸಿಗೆಯಲ್ಲಿ ಮಾಡಿಸಿದರೆ ಸುತ್ತ ಒಂಚೂರು ಸಡಿಲ ಬಿಡಿಸಿ. ಇಲ್ಲದಿದ್ದರೆ ನಮ್ಮ ಮಳೆಗಾಲದಲ್ಲಿ ಮರ ಉಬ್ಬಿ ಬೋರ್ಡು ಹೊರಗೇ ಬರುವುದಿಲ್ಲ. ಷಟರ್ ಕೂರಿಸುವುದಾದರೆ ಅದರ ಥ್ರೆಡ್ ಗಿಡ್ಡ, ದಪ್ಪ ಹಲಗೆ ದಾಟಿ ರಿಂಗ್ ಹಿಡಿಯುವುದಿಲ್ಲ. ಹಿಂದಿನಿಂದ ಆ ಜಾಗ ಮಾತ್ರ ಕೊರೆದು ತೆಳ್ಳಗೆ ಮಾಡಿಸಬೇಕು. ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ.

ಬಳೆಗೆ ಲೇತ್

ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್ ರಿಪೇರಿ ಮಾಡುವ ವರ್ಕ್‌ಶಾಪ್‌ಗಳಲ್ಲಿ ವಿಚಾರಿಸಿ. ಕರಾವಳಿಯಲ್ಲಿ ಬೋಟಿನ ಶಾಫ್ಟ್ ಕೆಲಸ ಮಾಡುವ ಟರ್ನರ್‌ಗಳಿಗೆ ಹಿತ್ತಾಳೆ ಹೊಸದಲ್ಲ. ಸಣ್ಣ ಥ್ರೆಡ್ ಬೇಡ ಅಂತ ಅವರು ತಲೆ ಆಡಿಸಿದರೆ ಹುಬ್ಬಳ್ಳಿಗೆ ಹೋಗಿ. ಇಂಚಿನ ಥ್ರೆಡ್ ಹಾಕಲು ಗೇರ್ ಇದೆಯಾ ಅಂತ ಮೊದಲೇ ಕೇಳಿಬಿಡಿ.

‘ಸ್ಯಾಂಪಲ್ ಇಟ್ಟು ಹೋಗಿ’ ಅನ್ನುತ್ತಾರೆ. ಇಡಲೇಬೇಕು, ಇಲ್ಲದಿದ್ದರೆ ತಾಳೆ ನೋಡುವುದು ಹೇಗೆ? ಆದರೆ ಮುಂದಿನ, ಹಿಂದಿನ ಗಾಜಿನ ಭಾಗಗಳನ್ನು ಬಿಚ್ಚಿ ಮನೆಯಲ್ಲಿಡಿ. ಖಾಲಿ ಹಿತ್ತಾಳೆ ಕೊಳವೆ ಮಾತ್ರ ಕೊಡಿ. ಲೇತ್ ಪಕ್ಕದಲ್ಲಿ ಹಾರುವ ಚೂರಿಗೆ ನೂರು ವರ್ಷದ ಗಾಜು ಅಂತ ಗೊತ್ತಾಗುವುದಿಲ್ಲ ಅಲ್ವಾ?

ಅಲ್ಯುಮಿನಿಯಂ ಅಗ್ಗ, ಕೆಲಸವೂ ಬೇಗ. ಆದರೂ ಕಾರವಾರದ ಉಪ್ಪು ಗಾಳಿಯಲ್ಲಿ ಹಿತ್ತಾಳೆಗೆ ತಾಗಿದ ಅಲ್ಯುಮಿನಿಯಂ ಬೇಗ ತಿಂದುಹೋಗುತ್ತದೆ, ಥ್ರೆಡ್ ಕಚ್ಚಿಕೊಳ್ಳುತ್ತದೆ. ಬಳೆಯೂ ಹಿತ್ತಾಳೆ, ಸ್ಕ್ರೂಗಳೂ ಹಿತ್ತಾಳೆ ಇರಲಿ. ತ್ರೀಡಿ ಪ್ರಿಂಟ್ ಮಾಡಿಸುವುದಾದರೆ ಮಾಮೂಲಿ ಪ್ಲಾಸ್ಟಿಕ್ಕಾದ ಪಿಎಲ್‌ಎ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮೆತ್ತಗಾಗುತ್ತದೆ. ಎಂ-ಸೀಲ್ ಮೆತ್ತಿ ಕೂರಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ಮಾಡಿಸುವಾಗ ಎರಡು ಬಳೆ ಮಾಡಿಸಿ. ಟರ್ನರ್‌ಗೆ ಹೊತ್ತು ಹಿಡಿಯುವುದು ಗೇರ್ ಹೊಂದಿಸುವುದಕ್ಕೆ, ಎರಡನೆಯದು ಬೇಗ ಮುಗಿಯುತ್ತದೆ.

ಕೂರಿಸುವುದು

ಲೆನ್ಸನ್ನು ಬಳೆಯ ಮೇಲಿಟ್ಟು ಮೊದಲು ಉಲ್ಟಾ ತಿರುಗಿಸಿ. ಥ್ರೆಡ್ಡಿನ ಬಾಯಿ ಸೇರಿದಾಗ ‘ಟಕ್’ ಅಂತ ಸಣ್ಣಗೆ ಇಳಿಯುತ್ತದೆ. ಅಲ್ಲಿಂದ ಸರಿ ದಿಕ್ಕಿಗೆ ಬೆರಳ ತುದಿಯಲ್ಲೇ ತಿರುಗಿಸಿ. ರಿಟೇನಿಂಗ್ ರಿಂಗ್ ಆದರೆ ಅದರ ಸ್ಪ್ಯಾನರ್‌ನಿಂದಲೇ ಬಿಗಿಯಿರಿ. ಇಕ್ಕಳ ಜಾರಿದರೆ ಗಾಜಿಗೆ ಗೀರು.

ರಾತ್ರಿ ದೀಪ ಆರಿಸಿ, ಲೆನ್ಸಿನ ಮುಚ್ಚಳ ಹಾಕಿ, ಬೆಲ್ಲೋಸ್ ಒಳಗೆ ಮೊಬೈಲ್ ಟಾರ್ಚ್ ಹಚ್ಚಿ ಹಿಂಬದಿ ಮುಚ್ಚಿ. ಬೋರ್ಡಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿ. ಬಳೆಯ ಸುತ್ತ ಕಂಡರೆ ಸ್ಕ್ರೂ ಬಿಚ್ಚಿ, ಕೆಳಗೆ ಕಪ್ಪು ಕಾಗದದ ವಾಷರ್ ಕತ್ತರಿಸಿ ಹಾಕಿ, ಮತ್ತೆ ಬಿಗಿಯಿರಿ.