ಐಡ್ರಾಪರ್ ಪೆನ್ನು ಇಂಕು ಕಕ್ಕದಂತೆ ಮಾಡಿದ್ದು: ನನ್ನ ಅನುಭವ

ಐಡ್ರಾಪರ್ ಅಂದರೆ ಡ್ರಾಪರ್‌ನಿಂದ ನೇರವಾಗಿ ಬ್ಯಾರಲ್‌ಗೇ (ಪೆನ್ನಿನ ಕೊಳವೆಗೇ) ಇಂಕು ತುಂಬುವ ಫೌಂಟನ್ ಪೆನ್ನು, ಎಬೊನೈಟ್ ಅಂದರೆ ಗಟ್ಟಿ ರಬ್ಬರು. ಎಬೊನೈಟ್ ಐಡ್ರಾಪರ್ ಪೆನ್ನು ಇಂಕು ಕಕ್ಕುವುದನ್ನು ನಿಲ್ಲಿಸೋಕೆ ಆಗಲ್ಲ ಅಂತ ನಮ್ಮ ಫೌಂಟನ್ ಪೆನ್ ಗುಂಪಿನಲ್ಲಿ ಹೇಳದವರೇ ಇರಲಿಲ್ಲ. ಈಗ ನನ್ನ ಪೆನ್ನು ಡಿಸೆಂಬರ್ ಬೆಳಗಿನ ಕಬ್ಬನ್ ಪಾರ್ಕ್‌ನಲ್ಲೂ ಒಂದು ಹನಿ ಬೀಳಿಸುವುದಿಲ್ಲ. ಚಳಿಗಾಲ, ಬೇಸಿಗೆ ಎರಡನ್ನೂ ದಾಟಿಸಿ ನೋಡಿದ ಮೇಲೆಯೇ ಬರೆಯುತ್ತಿದ್ದೇನೆ. ಫೀಡ್ (ನಿಬ್ಬಿನ ಕೆಳಗಿದ್ದು ಅದಕ್ಕೆ ಇಂಕು ತಲುಪಿಸುವ ಭಾಗ) ಬಿಚ್ಚುವುದು, ನಿಬ್ಬು ಸರಿ ಮಾಡುವುದು ನಿಮಗೆಲ್ಲ ಗೊತ್ತೇ ಇದೆ, ಆ ಪಾಠ ಇಲ್ಲಿ ಬೇಡ.

ನಮ್ಮದು ತಿಂಗಳಿಗೊಂದು ಭಾನುವಾರ ಬೆಂಗಳೂರಿನಲ್ಲಿ ಸೇರುವ ಗುಂಪು. ಹದಿನೈದು ಇಪ್ಪತ್ತು ಜನ ಬರುತ್ತಾರೆ. ನವೆಂಬರ್ ಮೊದಲ ಶುಕ್ರವಾರದ ಫೌಂಟನ್ ಪೆನ್ ದಿನಕ್ಕೆ ಮಾತ್ರ ಜಾಸ್ತಿ. ಸಾಫ್ಟ್‌ವೇರ್‌ನವರು, ವಕೀಲರು, ಒಬ್ಬರು ಡಾಕ್ಟರು, ಒಬ್ಬರು ರಿಟೈರ್ಡ್ ಮೇಷ್ಟ್ರು. ಹೊಸಬರು ಬಂದರೆ "ಇವತ್ತು ಯಾವ ಪೆನ್ನು ತಂದಿದ್ದೀರಿ, ಯಾವ ಇಂಕು?" ಅನ್ನುವುದೇ ಮೊದಲ ಮಾತು. ಪೆನ್ನುಗಳು ಕೈಯಿಂದ ಕೈಗೆ ಹೋಗುತ್ತವೆ. ಜರ್ಮನಿಯದ್ದು, ಜಪಾನಿನದ್ದು, ಮೂವತ್ತು ನಲವತ್ತು ಸಾವಿರದವು. ನಾನು ಕೊಂಡು ಹೋಗುತ್ತಿದ್ದದ್ದು ಎಂಟುನೂರು, ಒಂಬೈನೂರು ರೂಪಾಯಿಯ ಕಪ್ಪು ಎಬೊನೈಟ್ ಪೆನ್ನು. ಬೆಲೆ ಕೇಳಿ ಯಾರೂ ಮೂಗು ಮುರಿಯಲಿಲ್ಲ, ಆ ಮಟ್ಟಿಗೆ ಒಳ್ಳೆಯ ಜನ. ಆದರೆ ನನ್ನ ಪೆನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಎಲ್ಲರೂ ಒಂದು ಟಿಶ್ಯೂ ಪೇಪರ್ ಮಡಚಿ ಹಾಳೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಅದನ್ನು ನನಗೆ ಸಹಿಸೋಕೆ ಆಗಲಿಲ್ಲ.

ಅವರು ಕೊಟ್ಟ ಪರಿಹಾರ ಒಂದೇ. "ಸುಮ್ನೆ ಜರ್ಮನ್ ನಿಬ್ ಯೂನಿಟ್ ಹಾಕ್ಸಿ, ಕನ್ವರ್ಟರ್ ಸೇರ್ಸಿ, ಮುಗೀತು." ಸಾವಿರದ ಇನ್ನೂರು, ಮುನ್ನೂರು ಆಗುತ್ತದೆ, ಕೆಲಸವೂ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ನಿಬ್ ಯೂನಿಟ್ ಅಂದರೆ ನಿಬ್ಬು, ಫೀಡ್ ಸೇರಿದ ಸಿದ್ಧ ಜೋಡಣೆ, ಕನ್ವರ್ಟರ್ ಅಂದರೆ ಬ್ಯಾರಲ್ ಒಳಗೆ ಕೂರುವ, ಇಂಕು ಎಳೆದುಕೊಳ್ಳುವ ಸಣ್ಣ ಕೊಳವೆ. ಆದರೆ ಕನ್ವರ್ಟರ್ ಹಿಡಿಯುವುದು ಮುಕ್ಕಾಲು ಮಿಲಿ, ಹೆಚ್ಚೆಂದರೆ ಒಂದು. ಅದೂ ಅಲ್ಲದೆ ಹೈದರಾಬಾದಿನ ಡೆಕ್ಕನ್ ಪೆನ್ ಸ್ಟೋರ್ಸ್ ಶುರುವಾದದ್ದು 1928ರಲ್ಲಿ, ರಾಜಮಂಡ್ರಿಯ ರತ್ನಂ ಪೆನ್ನು 1932ರಲ್ಲಿ. ಗಾಂಧೀಜಿ 1935ರಲ್ಲಿ ಮೆಚ್ಚಿ ಪತ್ರ ಬರೆದ ಸ್ವದೇಶಿ ಪೆನ್ನು ಅದು. ನಮ್ಮ ಕಡೆಯ ಪೆನ್ನು ಅಂದರೆ ಹಿಂದಿನಿಂದಲೂ ಡ್ರಾಪರ್‌ನಲ್ಲಿ ಇಂಕು ತುಂಬುವ ಎಬೊನೈಟ್ ಪೆನ್ನೇ. ಅದರೊಳಗೆ ಪರದೇಶದ ಯೂನಿಟ್ ಕೂರಿಸಿದರೆ ಉಳಿಯುವುದು ಹೊರಗಿನ ಕೊಳವೆ ಮಾತ್ರ. ನನಗೆ ಎಬೊನೈಟ್ ಫೀಡ್ ಇಟ್ಟುಕೊಂಡೇ ಮಾಡಬೇಕಿತ್ತು.

ನನ್ನ ಲೆಕ್ಕ ಹೀಗಿತ್ತು. ಬ್ಯಾರಲ್‌ನಲ್ಲಿ ಸುಮಾರು ಮೂರೂವರೆ ಮಿಲಿ ಹಿಡಿಯುತ್ತದೆ. ಮೂರರಲ್ಲಿ ಎರಡು ಪಾಲು ಖಾಲಿಯಾದಾಗ ಒಳಗೆ ಎರಡು ಮಿಲಿಗಿಂತ ಜಾಸ್ತಿ ಗಾಳಿ. ಡಿಸೆಂಬರ್‌ನಲ್ಲಿ ಬೆಳಗ್ಗೆ ಪಾರ್ಕ್‌ನಲ್ಲಿ 17 ಡಿಗ್ರಿ ಇರುತ್ತದೆ. ಕೈಯ ಬಿಸಿಗೆ ಒಳಗಿನ ಗಾಳಿ 30ಕ್ಕೆ ಹೋದರೆ ನೂರಕ್ಕೆ ನಾಲ್ಕೂವರೆಯಷ್ಟು ಹಿಗ್ಗುತ್ತದೆ. ಅಂದರೆ 0.1 ಮಿಲಿ. ಒಂದು ಹನಿ ಸುಮಾರು 0.05 ಮಿಲಿ. ಎರಡು ಹನಿ ಎಲ್ಲಿಗಾದರೂ ಹೋಗಲೇಬೇಕು, ಹಾಳೆಯ ಮೇಲೆ ಹೋಗುತ್ತದೆ. ಕಲಬುರಗಿಯ ಗೆಳೆಯರೊಬ್ಬರು ತಮ್ಮ ಪೆನ್ನು ಮೇ ತಿಂಗಳಲ್ಲಿ ಕಕ್ಕುವುದೇ ಇಲ್ಲ ಎಂದಾಗ ಯಾರೂ ನಂಬಲಿಲ್ಲ. ನನಗೆ ಆಶ್ಚರ್ಯ ಆಗಲಿಲ್ಲ. ಅಲ್ಲಿ ಕೋಣೆಯೇ ಕೈಗಿಂತ ಬಿಸಿ, ಗಾಳಿ ಹಿಗ್ಗೋಕೆ ಕಾರಣವೇ ಇಲ್ಲ ಅಲ್ವಾ.

ಹಾಗಾಗಿ ಮಾಡಬೇಕಾದ್ದು ಎರಡು. ಗಾಳಿಗೆ ಜಾಗ ಕಮ್ಮಿ ಮಾಡಬೇಕು. ಹೊರಗೆ ಬರುವ ಹೆಚ್ಚುವರಿ ಇಂಕನ್ನು ಫೀಡ್ ಸ್ವಲ್ಪ ಹೊತ್ತು ಹಿಡಿದುಕೊಳ್ಳಬೇಕು.

ಬ್ಯಾರಲ್ ತಳಕ್ಕೆ ಎಬೊನೈಟ್ ತುಂಡು ಇಳಿಸಿ ಜಾಗವನ್ನು ಎರಡು ಮಿಲಿಗೆ ತರುತ್ತೇನೆ ಎಂದಾಗ ಮೇಷ್ಟ್ರು ನಕ್ಕರು. "ಏನ್ ಸ್ವಾಮಿ, ಐಡ್ರಾಪರ್ ತಗೊಳ್ಳೋದೇ ಇಂಕು ಜಾಸ್ತಿ ಹಿಡಿಸುತ್ತೆ ಅಂತ. ಅದನ್ನೇ ಅರ್ಧ ಮಾಡ್ತೀನಿ ಅಂತೀರಲ್ಲ!" ಎರಡು ಮಿಲಿಯಲ್ಲಿ ಎ4 ಹಾಳೆ ಮೂವತ್ತರಿಂದ ನಲವತ್ತು ಬರೆಯಬಹುದು. ವಾರಕ್ಕೆ ಅಷ್ಟು ಬರೆಯುವವರು ನಮ್ಮ ಗುಂಪಿನಲ್ಲಿ ಮೇಷ್ಟ್ರನ್ನು ಬಿಟ್ಟರೆ ಇಲ್ಲ.

ದುಡ್ಡು ನೀರಿನಂತೆ ಹೋದದ್ದು ಈ ತುಂಡಿನ ವಿಷಯದಲ್ಲೇ. ಮೊದಲು ಗಾಜಿನ ಮಣಿ ಹಾಕಿದೆ. ಜಾಗ ತುಂಬಿತು, ಆದರೆ ಬರೆಯುವಾಗ ಟಕ್ ಟಕ್ ಸದ್ದು, ಮೀಟಿಂಗ್‌ನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಎಪಾಕ್ಸಿ ಅಂಟು ಸುರಿದು ನೋಡಿದೆ. ಒಂದೆರಡು ತಿಂಗಳಲ್ಲಿ ಎಬೊನೈಟ್‌ನಿಂದ ಬಿಟ್ಟುಕೊಂಡು ಒಳಗೇ ಅಲುಗಾಡೋಕೆ ಶುರುವಾಯಿತು. ಇನ್‌ಸ್ಟಂಟ್ ಅಂಟು ಹಾಕಿದರೆ ಅದರ ಹಬೆಗೆ ಕಪ್ಪು ಎಬೊನೈಟ್ ಮೇಲೆ ಬಿಳಿ ಪೊರೆ ಬಂತು, ಪಾಲಿಶ್ ಮಾಡಿಸೋಕೇ ಮುನ್ನೂರು ಹೋಯಿತು. ಕೊನೆಗೆ ಎಬೊನೈಟ್ ರಾಡ್ ತರಿಸಿ, ಪೀಣ್ಯದ ಕಡೆ ಒಂದು ಲೇತ್ ಅಂಗಡಿಯಲ್ಲಿ ಕಡೆಸಿದೆ. ಅವರಿಗೆ ಇಂಥ ಸಣ್ಣ ಕೆಲಸ ಬೇಡವೇ ಬೇಡ. ಕಡೆಯುವಾಗ ಬರುವ ಗಂಧಕದ ವಾಸನೆಗೆ ಪಕ್ಕದವರೂ ಬೈದರು. ಒಂದಕ್ಕೆ ನೂರೈವತ್ತು ಕೊಡ್ತೀನಿ, ಒಟ್ಟಿಗೆ ಹತ್ತು ಕಡೆದುಕೊಡಿ ಅಂದ ಮೇಲೆ ಒಪ್ಪಿದರು. ಕೂರಿಸೋಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಹಳೆಯ ಪೆನ್ನು ರಿಪೇರಿಯವರು ಬಳಸುತ್ತಿದ್ದದ್ದೂ ಅದೇ. ಅಂದಿನಿಂದ ಒಂದೂ ಅಲುಗಾಡಿಲ್ಲ. ನೆಲೆ ನಿಲ್ಲುವ ಹೊತ್ತಿಗೆ ಆರೇಳು ಸಾವಿರ ಖರ್ಚಾಗಿತ್ತು ಅಂತ ನೆನಪು, ಹಾಳಾದ ಪೆನ್ನುಗಳನ್ನು ಬಿಟ್ಟು.

ಫೀಡ್ ಕೆಲಸ ಇನ್ನೂ ನಾಜೂಕು. ನಮ್ಮ ಎಬೊನೈಟ್ ಫೀಡ್‌ಗಳ ಹೊಟ್ಟೆ ಹೆಚ್ಚಾಗಿ ನುಣ್ಣಗೆ ಇರುತ್ತದೆ, ಪ್ಲಾಸ್ಟಿಕ್ ಫೀಡ್‌ಗಿರುವ ಬಾಚಣಿಗೆಯಂಥ ಹಲ್ಲು ಇರುವುದಿಲ್ಲ. ಆ ಹಲ್ಲನ್ನು ಕೈಯಲ್ಲೇ ಕೊಯ್ಯಬೇಕು. ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಗರಗಸದ ಬ್ಲೇಡು ಡಜನ್ ಲೆಕ್ಕದಲ್ಲಿ ಸಿಗುತ್ತದೆ, ನೂರರ ಆಸುಪಾಸು. ನಾನು ಸಣ್ಣದೇ ಒಳ್ಳೆಯದೆಂದು ಬಹಳ ತೆಳುವಾದ 6/0 ಅಳತೆಯದು ತಂದೆ. ಸೀಳುಗಳು ಬಹಳ ಅಚ್ಚುಕಟ್ಟಾಗಿ ಬಂದವು. ಪೆನ್ನು ಮಾತ್ರ ಎರಡು ಸಾಲು ಬರೆದು ಒಣಗಿತು. ಸೀಳು ಸಣ್ಣದಾದಷ್ಟೂ ಇಂಕನ್ನು ಗಟ್ಟಿ ಹಿಡಿಯುತ್ತದೆ. ಫೀಡ್‌ನ ಇಂಕು ಹರಿಯುವ ಕಾಲುವೆಗಿಂತ ಸಣ್ಣದಾದರೆ ನಿಬ್ಬಿಗೆ ಹೋಗಬೇಕಾದ ಇಂಕನ್ನೂ ತಾನೇ ಎಳೆದು ಇಟ್ಟುಕೊಳ್ಳುತ್ತದೆ. ಅದಕ್ಕಿಂತ ದಪ್ಪಗಿನ 2/0 ಬ್ಲೇಡಿಗೆ ಬಂದೆ, ಅದರ ಸೀಳು ಕಾಲು ಮಿಲಿಮೀಟರ್ ಆಗುತ್ತದೆ. ಆಗ ಸರಿಹೋಯಿತು. ಇಂಕು ಹೆಚ್ಚಾದಾಗ ಸೀಳಿಗೆ ಹೋಗುತ್ತದೆ, ನಿಬ್ಬು ಕೇಳಿದಾಗ ವಾಪಸು ಬರುತ್ತದೆ.

ಆರು ಮಿಲಿಮೀಟರ್ ಫೀಡ್‌ನಲ್ಲಿ ಒಂದೂವರೆ ಮಿಲಿಮೀಟರ್ ಆಳಕ್ಕೆ ಹತ್ತು ಹನ್ನೆರಡು ಸೀಳು ಹಾಕಬಹುದು. ಅದಕ್ಕಿಂತ ಆಳ ಹೋದರೆ ಹೀಟ್ ಸೆಟ್ ಮಾಡುವಾಗ (ಫೀಡನ್ನು ಬಿಸಿ ಮಾಡಿ ನಿಬ್ಬಿಗೆ ಒತ್ತಿ ಕೂರಿಸುವಾಗ) ಬೆರಳಿನ ಒತ್ತಡಕ್ಕೇ ಪಟಕ್ ಎನ್ನುತ್ತದೆ. ನನ್ನ ಡಬ್ಬಿಯಲ್ಲಿ ಮುರಿದ ಫೀಡ್ ಒಂದು ಹಿಡಿ ಇವೆ. ಮೊದಲು ಹೀಟ್ ಸೆಟ್ ಮಾಡಿ ಆಮೇಲೆ ಕೊಯ್ದರೆ ಮುರಿಯುವುದು ಬಹಳ ಕಮ್ಮಿ. ಇಷ್ಟೆಲ್ಲ ಸೀಳು ಸೇರಿ ಹಿಡಿಯುವುದು 0.02 ಮಿಲಿಗಿಂತ ಕಮ್ಮಿ, ಅರ್ಧ ಹನಿಯೂ ಇಲ್ಲ. "ಇಷ್ಟಕ್ಕೆ ಇಷ್ಟು ಒದ್ದಾಟವಾ?" ಎಂದು ಡಾಕ್ಟರು ಕೇಳಿದ್ದು ಇದಕ್ಕೇ. ಆದರೆ ತುಂಡು ಕೂರಿಸಿದ ಬ್ಯಾರಲ್ ಅರ್ಧ ಖಾಲಿಯಾದಾಗ ಹಿಗ್ಗುವ ಗಾಳಿಯೂ ಒಂದು ಹನಿಗಿಂತ ಕಮ್ಮಿಯೇ. ಎಬೊನೈಟ್ ದಪ್ಪಗಿರುವುದರಿಂದ ಕೈಯ ಬಿಸಿ ಒಳಗೆ ಹೋಗೋಕೆ ಸಾಕಷ್ಟು ಹೊತ್ತು ಬೇಕು. ಅಷ್ಟರಲ್ಲಿ ನೀವು ಅರ್ಧ ಹಾಳೆ ಬರೆದು ಉಳಿದದ್ದನ್ನು ಖರ್ಚು ಮಾಡಿರುತ್ತೀರಿ. ಲೆಕ್ಕ ಕೂಡಿ ಬರುವುದು ಅಲ್ಲಿ.

ಸೀಳು ಕೊಯ್ದ ಮಾತ್ರಕ್ಕೆ ಇಂಕು ಅದರೊಳಗೆ ಹೋಗುವುದಿಲ್ಲ, ಕಾಲುವೆಯ ಜೊತೆ ಅದಕ್ಕೊಂದು ದಾರಿ ಬೇಕು. ಆ ದಾರಿ ಎಲ್ಲಿಂದ ಎಲ್ಲಿಗೆ, ಯಾವ ಓರೆಯಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ತುಂಬಾ ಫೀಡ್ ಮುರಿದುಕೊಂಡು ಕಲಿತದ್ದು, ಎದುರಿಗೆ ಕೂತವರಿಗೆ ತೋರಿಸುತ್ತೇನೆ. ಕೊಯ್ದ ಮೇಲೆ ಫೀಡ್‌ಗೆ ಒಂದು ಸಾಮಾನ್ಯ ಅಡುಗೆಮನೆ ಪದಾರ್ಥದಿಂದ ತೊಳೆತ ಕೊಡುತ್ತೇನೆ. ಅದೂ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು, ಕನ್ನಡಕ್ಕೆ ಸರಿಹೋಗುವ ನಿಬ್ಬು. ಗುಂಪಿನಲ್ಲಿ ಎಲ್ಲರೂ ಸ್ಟಬ್ (ತುದಿ ಅಗಲವಾಗಿ ಚಪ್ಪಟೆಯಿರುವ ನಿಬ್ಬು) ಹಿಡಿದು ಇಂಗ್ಲಿಷ್ ಬರೆಯುತ್ತಾರೆ, ಚೆನ್ನಾಗಿಯೇ ಕಾಣುತ್ತದೆ. ಅದೇ 1.1 ಮಿಲಿಮೀಟರ್ ಸ್ಟಬ್‌ನಲ್ಲಿ ಕನ್ನಡ ಬರೆಯಿರಿ. ಮೇಲಿನಿಂದ ಕೆಳಗೆ ಬರುವ ಗೆರೆ ದಪ್ಪ, ಅಡ್ಡ ಗೆರೆ ತೆಳು. ತಲಕಟ್ಟು ಕೂದಲಿನಷ್ಟಾಗುತ್ತದೆ, 'ಣ', 'ಕ್ಷ'ಗಳ ಒಳಗಿನ ಜಾಗ ಮುಚ್ಚಿಹೋಗುತ್ತದೆ. ಕಾನ್ಪುರದ ಕ್ಯಾನ್‌ರೈಟ್‌ನ ಬೋಲ್ಡ್ (ದಪ್ಪ ತುದಿಯ) ನಿಬ್ಬು ತಂದು, ತುದಿ ಉಜ್ಜಿ ಆರ್ಕಿಟೆಕ್ಟ್ ಗ್ರೈಂಡ್ ಅನ್ನುವ ಆಕಾರ ಕೊಟ್ಟೆ. ಅದರಲ್ಲಿ ಅಡ್ಡ ಗೆರೆ ದಪ್ಪ, ಉದ್ದ ಗೆರೆ ತೆಳು. ತಲಕಟ್ಟು ಎದ್ದು ಕಾಣುತ್ತದೆ, ಒತ್ತಕ್ಷರ ಬಿಡಿಬಿಡಿಯಾಗಿ ಓದಲು ಬರುತ್ತದೆ. 1000ದ ವಾಟರ್ ಪೇಪರ್‌ನಿಂದ ಶುರು, 12000ದ, ಬಹಳ ನುಣುಪಾದ ಉಜ್ಜುಹಾಳೆ ಮೈಕ್ರೋಮೆಶ್‌ಗೆ ಮುಗಿಸು. ಅಡ್ಡ ಗೆರೆ ಅರ್ಧ ಮಿಲಿಮೀಟರ್ ದಾಟಬಾರದು, ದಾಟಿದರೆ 'ಸ್ತ್ರೀ' ಬರೆಯುವಾಗ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಪೆನ್ನನ್ನು ಸ್ವಲ್ಪ ನೆಟ್ಟಗೆ ಹಿಡಿಯುವವರಿಗೆ ಇದು ಒಗ್ಗುವುದಿಲ್ಲ. ಮೇಷ್ಟ್ರಿಗೆ ಒಗ್ಗಿತು. ಅವರು ಆ ಪೆನ್ನು ವಾಪಸು ಕೊಟ್ಟೇ ಇಲ್ಲ, ಕೇಳುವ ಮನಸ್ಸೂ ನನಗಿಲ್ಲ.

ಇಂಕಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಪರೀಕ್ಷೆ ಎಲ್ಲ ಬ್ರಿಲ್ ರಾಯಲ್ ಬ್ಲೂನಲ್ಲೇ ಮಾಡಿದ್ದು. ಅಗ್ಗ, ನೀರಿನಲ್ಲಿ ಬೇಗ ತೊಳೆದುಹೋಗುತ್ತದೆ. ಮಿನುಗುಪುಡಿ ಇರುವ ಇಂಕು ಈ ಸೀಳುಗಳಿಗೆ ಹಾಕಬೇಡಿ, ಅಷ್ಟೇ.

ಗುಂಪಿನ ಮುಂದೆ ಪರೀಕ್ಷೆಗೆ ಇಟ್ಟದ್ದು ಡಿಸೆಂಬರ್‌ನ ಭೇಟಿಯಲ್ಲಿ. ಬಿದಿರು ಮೆಳೆಯ ಹತ್ತಿರ ಕೂತಿದ್ದೆವು, ಒಳ್ಳೆಯ ಚಳಿ. ಬ್ಯಾರಲ್ ಬೇಕೆಂದೇ ಅರ್ಧ ಖಾಲಿ ಮಾಡಿಕೊಂಡು ಹೋಗಿದ್ದೆ. ಪೆನ್ನು ಎಂಟು ಹತ್ತು ಕೈ ಸುತ್ತಿತು. ವಕೀಲರು ಅದನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಬಿಸಿ ಮಾಡಿ, ಆಮೇಲೆ ನಿಬ್ಬು ಕೆಳಗೆ ಮಾಡಿ ಹಾಳೆಯ ಮೇಲೆ ಹಿಡಿದರು. ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ) ಹಾಕಿ ನೋಡಿದೆವು: ಫೀಡ್‌ನ ಹಿಂದಿನ ಸೀಳುಗಳು ಒಂದೊಂದಾಗಿ ನೀಲಿಯಾದವು, ಮುಂದಿನ ಮೂರು ನಾಲ್ಕು ಒಣಗಿಯೇ ಇದ್ದವು. ಹನಿ ಬೀಳಲಿಲ್ಲ. ನಾಲ್ಕೈದು ಸಾಲು ಬರೆದ ಮೇಲೆ ನೀಲಿ ಹಿಂದಕ್ಕೆ ಸರಿಯಿತು. "ಇದನ್ನ ನನ್ನ ಪೆನ್ನಿಗೂ ಮಾಡಿಕೊಡಿ ಸಾರ್" ಎಂದು ಮೊದಲು ಕೇಳಿದವರು ವಕೀಲರೇ. ಆಮೇಲೆ ಯಾರೂ ನನ್ನ ಪೆನ್ನಿಗೆ ಟಿಶ್ಯೂ ಮಡಚಿಲ್ಲ. ಹೊಸದಾಗಿ ಸೇರುವವರನ್ನು ಈಗ ನನ್ನ ಪಕ್ಕವೇ ಕೂರಿಸುತ್ತಾರೆ. ಕೈಯಲ್ಲಿ ಐನೂರರ ಪೆನ್ನು ಇಟ್ಟುಕೊಂಡು ಬರುವವರು ಇವರಲ್ಲಿ ಬಹಳ ಜನ, ಅವರ ಪೆನ್ನಿನಿಂದಲೇ ಮಾತು ಶುರುವಾಗುತ್ತದೆ. ಇದು ನನಗೆ ನಿಜವಾಗಿ ಖುಷಿ ಕೊಟ್ಟ ವಿಷಯ.

ಒಂದೇ ಒಂದು ಕಡೆ ಈ ವಿಧಾನ ಸಾಲುವುದಿಲ್ಲ, ಅದು ಘಾಟಿ. ಮಂಗಳೂರು ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಒಂಬೈನೂರು ಮೀಟರ್ ಮೇಲಿದೆ. ಹತ್ತುವಾಗ ಪೆನ್ನಿನೊಳಗಿನ ಗಾಳಿ ನೂರಕ್ಕೆ ಹತ್ತರ ಮೇಲೆ ಹಿಗ್ಗುತ್ತದೆ. ಕೈಯ ಬಿಸಿಗಿಂತ ಎರಡು ಪಟ್ಟು ಜಾಸ್ತಿ, ಹಲ್ಲುಗಳು ಅಷ್ಟನ್ನು ತಡೆಯಲಾರವು. ಹಾಗಾಗಿ ಶಿರಾಡಿ ಹತ್ತಿ ಬರುವವರು ಪೆನ್ನನ್ನು ಬಾಯಿಮಟ್ಟ ತುಂಬಿಸಿ, ನಿಬ್ಬು ಮೇಲೆ ಮಾಡಿ ಜೇಬಿನಲ್ಲಿಟ್ಟು ತನ್ನಿ. ಹಲ್ಲು ಕೊಯ್ಸುವ ಆಸೆ ಇದ್ದರೆ ಫೀಡ್ ತೊಳೆದು ತನ್ನಿ, ಜೊತೆಗೊಂದು ಹೆಚ್ಚುವರಿ ಫೀಡ್ ಇರಲಿ, ಮುರಿದರೆ ಬೇಕಾಗುತ್ತದೆ. ಲೇತಿನವರ ನೂರೈವತ್ತು ನಿಮ್ಮದು, ಕೈಕೆಲಸ ನನ್ನದು.